ಪ್ರೇಮವ್ವನ ಪಾಠ, ಗೋಣೆಪ್ಪನ ಏಳನೆಯ ಬೆರಳು

ಬ್ಯಾಡಗಿಯಲ್ಲಿ ಪ್ರೇಮವ್ವನ ಬೆಳಗು ಸೀನಿನಿಂದ ಶುರುವಾಗುತ್ತದೆ. ಆರೂವರೆಯ ಬಸ್ಸು ಇಳಿದು, ಮೆಣಸಿನಕಾಯಿ ಪೇಟೆಯ ಹಿಂದಿನ ತಗಡಿನ ಚಪ್ಪರದ ಬಾಗಿಲಿಗೆ ಬಂದು ನಿಂತು, ಮೂರು ಸಲ ಸೀನುತ್ತಾರೆ. ಒಳಗೆ ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಮುರಿಯುತ್ತಿರುವ ಹೆಂಗಸರು ತಲೆಯನ್ನೂ ಎತ್ತುವುದಿಲ್ಲ.

"ಬಂದ್ರು ನೋಡ್ರಿ ಟೀಚರು," ಎನ್ನುತ್ತಾರೆ ಆ ಹೆಂಗಸರ ಉಸ್ತುವಾರಿ ನೋಡಿಕೊಳ್ಳುವ ಮಹಮೂದಾಬೇಗಂ. "ಹದಿನೇಳು ವರ್ಷ ಆತು ಇಲ್ಲಿಗೆ ಬರಾಕತ್ತು. ಮೂಗಿಗೆ ಇನ್ನೂ ನಮ್ಮೂರಿನ ಪರಿಚಯ ಆಗಿಲ್ಲ."

ಪ್ರೇಮವ್ವ ಮೂಗೊರೆಸಿಕೊಂಡು, ಚೀಲವನ್ನು ಗೂಟಕ್ಕೆ ತೂಗುಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ನಡುವೆಯೇ ಕೂರುತ್ತಾರೆ. ಒಂದು ಮಡಿಲು ಮೆಣಸಿನಕಾಯಿ ಎಳೆದುಕೊಂಡು ತಾವೂ ತೊಟ್ಟು ಮುರಿಯತೊಡಗುತ್ತಾರೆ. ಇದೇ ಅವರ ತರಗತಿ. ಅವರು ಕಥೋಲಿಕ ಚರ್ಚಿನ ಉಪದೇಶಿ. ಬಲಿಪೂಜೆಯಲ್ಲಿ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು, ಹಣೆಗೆ ಬೂದಿ ಹಚ್ಚುವುದು ಯಾಕೆ, ಪಾಪನಿವೇದನೆಯಲ್ಲಿ ಏನು ಹೇಳಬೇಕು ಎಂಬುದನ್ನೆಲ್ಲ ಬೆಳೆದು ದೊಡ್ಡವರಾದ ಕ್ರೈಸ್ತರಿಗೆ ಬಿಡಿಸಿ ಹೇಳುವುದು ಅವರ ಕೆಲಸ. ಭಾನುವಾರ ಗುರುಗಳು ಪೀಠದಿಂದ ಹೇಳುವುದು ಇಡೀ ಚರ್ಚಿಗೆ ಕೇಳುತ್ತದೆ. ಸೋಮವಾರ ಪ್ರೇಮವ್ವ ಹೇಳುವುದು ನಾಲ್ಕು ಮಂದಿಗೆ ಮತ್ತು ಒಂದು ರಾಶಿ ಮೆಣಸಿನಕಾಯಿಗೆ.

ಮೊದಲ ಪ್ರಶ್ನೆ ಯಾವಾಗಲೂ ಮೈಲವ್ವನದು. ಚರ್ಚಿನ ದಪ್ತರದಲ್ಲಿ ಮರಿಯಮ್ಮ, ಊರ ಬಾಯಲ್ಲಿ ಮೈಲವ್ವ.

"ಯಕ್ಕಾ, ಪರಮಪ್ರಸಾದ ತಗೊಳ್ಳೂಕಿಂತ ಒಂದು ತಾಸು ಮೊದಲು ಏನೂ ತಿನ್ನಬಾರದು ಅಂದ್ರಿ, ಹೌದಿಲ್ಲೋ?"

"ಹೌದು."

"ಎಲಿಅಡಿಕಿ?"

"ಅದೂ ತಿನ್ನೂದ ಅಲ್ಲೇನು?"

"ನಾ ನುಂಗೂದಿಲ್ಲಲ್ರಿ. ಉಗುಳ್ತೇನಿ."

ಸುತ್ತಲಿನವರು ನಗುತ್ತಾರೆ. ಪ್ರೇಮವ್ವ ನಗುವುದಿಲ್ಲ. ಹದಿನೇಳು ವರ್ಷಗಳಲ್ಲಿ ಅವರು ಕಲಿತ ಮೊದಲ ಪಾಠ ಅದು. "ಉಗುಳೂದಾದ್ರ ಯಾಕ ತಿಂತಿ? ರಸಕ್ಕಲ್ಲೇನು? ಆ ರಸ ಎಲ್ಲಿಗೆ ಹೋಗ್ತೈತಿ?"

ಮೈಲವ್ವ ನಾಲ್ಕು ತೊಟ್ಟು ಮುರಿಯುವಷ್ಟು ಹೊತ್ತು ಯೋಚಿಸುತ್ತಾರೆ. "ಆತು ಬಿಡ್ರಿ. ಒಂದೂಕಾಲು ತಾಸು ಮೊದಲ ಹಾಕ್ಕೊಂಡು ಬರ್ತೇನಿ."

"ಬಾಯಿ ತೊಳಕೊಂಡು ಬಾ."

ಅಷ್ಟರಲ್ಲಿ ಗೋಣೆಪ್ಪ ಬರುತ್ತಾರೆ. ಐವತ್ತೆಂಟರ ಗೋಣೆಪ್ಪ ಪೇಟೆಯ ಗೋದಾಮಿನ ಕಾವಲುಗಾರ. ಪಾಳಿ ಮುಗಿಸಿ, ಮನೆಗೆ ಹೋಗಿ ಮಲಗುವ ಮುಂಚೆ ಪಾಠಕ್ಕೆ ಕೂರುತ್ತಾರೆ. ಇವತ್ತು ಹತ್ತು ಆಜ್ಞೆಗಳ ಸರದಿ. ಪ್ರೇಮವ್ವ ಅವನ್ನು ಬೆರಳ ಮೇಲೆ ಕಲಿಸುತ್ತಾರೆ, ಬಲಗೈಯಲ್ಲಿ ಐದು, ಎಡಗೈಯಲ್ಲಿ ಐದು. ಗೋಣೆಪ್ಪ ಬಲಗೈ ಸಲೀಸಾಗಿ ಮುಗಿಸಿ, ಎಡಗೈ ಹೆಬ್ಬೆರಳಿನ ಆರನೆಯದನ್ನೂ ದಾಟಿ, ಅಲ್ಲಿ ನಿಂತುಬಿಡುತ್ತಾರೆ. ಮುಂದೆ ತೋರುಬೆರಳು ಇರಬೇಕಿತ್ತು. ಅಲ್ಲಿರುವುದು ಒಂದು ಮೋಟು. ಮೇವು ಕಡಿಯುವಾಗ ಹರೆಯದಲ್ಲೇ ಹೋದ ಬೆರಳು. ಗೋಣೆಪ್ಪ ಮೋಟನ್ನು ನೋಡುತ್ತಾರೆ, ಮೋಟು ಗೋಣೆಪ್ಪನನ್ನು ನೋಡುತ್ತದೆ. ಆಮೇಲೆ ಅವರು ಎಂಟನೆಯದಕ್ಕೆ ಹೋಗುತ್ತಾರೆ.

ಏಳನೆಯ ಆಜ್ಞೆ ಕದಿಯಬೇಡ ಎನ್ನುವುದು.

"ಗೋದಾಮು ಕಾಯಾವಗ ತುಡುಗು ಮಾಡಬ್ಯಾಡ ಅನ್ನೂದೊಂದ ನೆನಪಾಗವಲ್ದು," ಎಂದು ಮೈಲವ್ವ ಸುಮ್ಮನೆ ಗಾಳಿಗೆ ಹೇಳುತ್ತಾರೆ. "ಇವತ್ತ ಮಾಲು ತೂಕ ಮಾಡಿಸ್ಕೊಳ್ರಿ, ಬೇಗಂ."

ತಮಾಷೆ ಎಲ್ಲರಿಗೂ ಹಳೆಯದು, ಗೋಣೆಪ್ಪನಿಗೂ ಸಹ. ಆದರೆ ಈ ವರ್ಷ ಅವರು ನಗುವುದಿಲ್ಲ. ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಅದರ ದೀಕ್ಷಾಸ್ನಾನಕ್ಕೆ, ವಿಶ್ವಾಸದಲ್ಲಿ ಕೂಸಿನ ಹೊಣೆ ಹೊರುವ ಜ್ಞಾನತಂದೆಯಾಗಿ ನಿಲ್ಲಬೇಕೆಂಬುದು ಅವರ ಆಸೆ. ಹಾಗೆ ನಿಲ್ಲುವವರು ಮೊದಲು ತಾವು ಪರಮಪ್ರಸಾದ ಪಡೆದಿರಬೇಕು, ಬಿಷಪ್ಪರಿಂದ ದೃಢೀಕರಣವಾಗಿರಬೇಕು. ಎರಡಕ್ಕೂ ಮುಂಚೆ ಗುರುಗಳ ಮುಂದೆ ಕುಳಿತು ಕಲಿತದ್ದನ್ನು ಹೇಳಬೇಕು. ಹೋದ ಎರಡು ವರ್ಷವೂ ಗೋಣೆಪ್ಪ ಏಳನೆಯದರಲ್ಲಿ ನಿಂತಿದ್ದಾರೆ. ಎರಡು ಸಲವೂ ಗುರುಗಳು ಪರವಾಗಿಲ್ಲ ಎಂದಿದ್ದಾರೆ. ಎದ್ದು ಹೋದವರು ಗೋಣೆಪ್ಪನೇ. "ಪೂರಾ ಬರೂ ತನಕ ಬ್ಯಾಡ್ರಿ ಫಾದರ್." ಈಗ ಕೂಸಿಗೆ ಮೂರು ತಿಂಗಳು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಪರೀಕ್ಷೆ, ಉಳಿದಿರುವುದು ಐದು ವಾರ. ಆಗದಿದ್ದರೆ ಜ್ಞಾನತಂದೆ ಬೇರೆಯವರು.

ಪ್ರೇಮವ್ವನ ಮನೆ ರಾಣೇಬೆನ್ನೂರಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವರು, ಮೊದಲು ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದರು. ಒಂದು ದಿನ ಒಬ್ಬಾಕೆ ಕಿಟಕಿಯಿಂದಲೇ, "ಅದನ್ನ ಇನ್ನೊಮ್ಮೆ ಹೇಳ್ರಿ, ಪವಿತ್ರಾತ್ಮರದು," ಎಂದರು. ದೊಡ್ಡವರ ಪಾಠ ಶುರುವಾದದ್ದು ಹೀಗೆ. ಚರ್ಚಿನ ಹಾಲಿನಲ್ಲಿ ಸಂಜೆ ತರಗತಿ ಇಟ್ಟಾಗ ಗಂಡಸರು ಒಂದೇ ದಿನ ಬಂದರು. "ಹುಡುಗರ ಬೆಂಚಿನಾಗ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಿದ್ವು," ಎನ್ನುತ್ತಾರೆ ಪ್ರೇಮವ್ವ. "ನಾಚಿಕಿ ಬ್ಯಾರೆ. ಅದಕ್ಕ ಅವ್ರು ದುಡಿಯೂ ಜಾಗಕ್ಕ ನಾನ ಹೊಂಟೆ. ಕೈ ಕೆಲಸದಾಗಿದ್ರ ಬಾಯಿ ನಾಚಗೋಳೂದಿಲ್ಲ."

ಈಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೇರಿ ನಲವತ್ತೊಂದು ಮನೆ. ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಬಸ್ಸು. ಮೇಡ್ಲೇರಿಯಲ್ಲಿ ಕಾಲುವೆ ಬದಿಯ ಹೊಲದಲ್ಲಿ ಕಳೆ ತೆಗೆಯುತ್ತ ವಿಶ್ವಾಸ ಪ್ರಮಾಣ ಹೇಳಿಸುತ್ತಾರೆ, ಒಂದು ಸಾಲು ಕಳೆಗೆ ಒಂದು ಸಾಲು ಪ್ರಾರ್ಥನೆ. ಕೆಲವೊಮ್ಮೆ ಎರಡು ಬಸ್ಸು ಬದಲಿಸಿ ಹೋದರೆ ವಿದ್ಯಾರ್ಥಿಗಳೆಲ್ಲ ಯಾರದೋ ಮದುವೆಗೆ ಹೋಗಿರುತ್ತಾರೆ. ಆಗ ಮೊಣಕಾಲು ನೋವು ಇಮ್ಮಡಿಯಾಗುತ್ತದೆ. ಗಾರೆ ಕೆಲಸದ ಗಂಡ ಸೋಮಣ್ಣ ಬಿಸಿನೀರು ಕಾಯಿಸಿಟ್ಟಿರುತ್ತಾರೆ. "ಊರ ಮಂದಿ ಎಲ್ಲಾ ಪಾಸಾದ್ರು," ಎನ್ನುತ್ತಾರೆ ಸೋಮಣ್ಣ. "ಇಕಿ ಕೈಯಾಗ ಇನ್ನೂ ನಪಾಸಾಗಿ ಉಳಿದಾವ ನಾ ಒಬ್ಬನ."

ತಪ್ಪುಗಳೂ ಆಗಿವೆ. ಒಂದು ವರ್ಷ, ಒಬ್ಬ ದೇವರಲ್ಲಿ ಮೂವರು ವ್ಯಕ್ತಿಗಳು ಹೇಗೆ ಎಂಬುದಕ್ಕೆ ಪ್ರೇಮವ್ವ ಮೆಣಸಿನಕಾಯಿಯನ್ನೇ ಎತ್ತಿ ತೋರಿಸಿದರು. ಬಣ್ಣ ಒಂದು, ವಾಸನೆ ಒಂದು, ಖಾರ ಒಂದು, ಆದರೆ ಕಾಯಿ ಒಂದೇ. "ನಮ್ಮ ಕಾಯಾಗ ಖಾರ ಎಲ್ಲೈತ್ರಿ, ಬರೇ ಬಣ್ಣ," ಎಂದು ಹೆಂಗಸರು ತಕರಾರು ತೆಗೆದರು. ಅವತ್ತೇ ಸಂಜೆ ಸುದ್ದಿ ಗುರುಗಳಿಗೂ ಮುಟ್ಟಿತು. ದೇವರಲ್ಲಿರುವುದು ಮೂರು ಗುಣವಲ್ಲ, ಮೂವರು ವ್ಯಕ್ತಿಗಳು ಎಂದು ಅವರು ತಿದ್ದಿದರು. ಮರುದಿನ ಪ್ರೇಮವ್ವ ಅದೇ ಆರೂವರೆಯ ಬಸ್ಸಿಗೆ ಬಂದು, ಅದೇ ರಾಶಿಯ ಮುಂದೆ ಕುಳಿತು ಹೇಳಿದರು, "ನಿನ್ನೆ ನಾ ಹೇಳಿದ್ದು ತಪ್ಪು. ಮರತುಬಿಡ್ರಿ." ಹೆಂಗಸರು ಮರೆಯಲಿಲ್ಲ. ಆದರೆ ಅವತ್ತಿನಿಂದ ಅವರನ್ನು ಟೀಚರ್ ಎಂದು ಕರೆಯತೊಡಗಿದರು.

ಗೋಣೆಪ್ಪನ ವಿಷಯದಲ್ಲೂ ಪ್ರೇಮವ್ವ ತಪ್ಪುತ್ತಾರೆ. ಬೆರಳಿಲ್ಲದ್ದಕ್ಕೆ ಆಜ್ಞೆ ಜಾರುತ್ತಿದೆ ಎಂದು ಅವರ ಲೆಕ್ಕ. ಅಂಗಿಯ ಗುಂಡಿಯ ಮೇಲೆ ಎಣಿಸಲು ಹೇಳುತ್ತಾರೆ, ಗುಂಡಿ ಸಾಲುವುದಿಲ್ಲ. ಮೋಟಿಗೆ ಕೆಂಪು ದಾರ ಕಟ್ಟುತ್ತಾರೆ. ದಾರ ಉಳಿಯುತ್ತದೆ, ಆಜ್ಞೆ ಉಳಿಯುವುದಿಲ್ಲ. ಎರಡು ವಾರ ಕಳೆಯುತ್ತದೆ. ಕಡೆಗೊಂದು ಬೆಳಿಗ್ಗೆ ಹತ್ತು ಮೆಣಸಿನಕಾಯಿ ಆರಿಸಿ ಗೋಣೆಪ್ಪನ ಮುಂದೆ ಸಾಲಾಗಿ ಇಡುತ್ತಾರೆ. ಒಂದು ಆಜ್ಞೆ ಹೇಳುವುದು, ಒಂದು ಕಾಯಿ ಬುಟ್ಟಿಗೆ ಹಾಕುವುದು. ಆರು ಕಾಯಿ ಬುಟ್ಟಿಗೆ ಬೀಳುತ್ತವೆ. ಏಳನೆಯದನ್ನು ಗೋಣೆಪ್ಪ ಎತ್ತಿಕೊಂಡು, ಒಂದು ಗಳಿಗೆ ಹಿಡಿದುಕೊಂಡು, ಮಾತಿಲ್ಲದೆ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಎಂಟನೆಯದು ಬುಟ್ಟಿಗೆ.

"ತುಡುಗು ಮಾಡಬ್ಯಾಡ ಅನ್ನೂ ಕಾಯೀನ ತುಡುಗು ಮಾಡಿದ ನೋಡ್ರಿ," ಎಂದು ಮೈಲವ್ವ ಬಿದ್ದು ಬಿದ್ದು ನಗುತ್ತಾರೆ.

ಪ್ರೇಮವ್ವನ ಕೈ ಮಾತ್ರ ನಿಲ್ಲುತ್ತದೆ. ಕಾಯಿ ಹತ್ತೂ ಇದ್ದವು, ಬೆರಳಿನ ಮಾತೇ ಇರಲಿಲ್ಲ. ಹಾಗಾದರೆ ಇದು ಮರೆವಲ್ಲ. ಅವರು ದನಿ ತಗ್ಗಿಸಿ ಕೇಳುತ್ತಾರೆ, "ಗೋಣೆಪ್ಪಣ್ಣ, ನಿನಗ ಅದು ನೆನಪೈತಿ, ಹೌದಲ್ಲೋ?"

"ಐತ್ರಿ."

"ಮತ್ತ?"

"ಬಾಯಿಗೆ ಬರವಲ್ದು." ಗೋಣೆಪ್ಪ ಕೆಂಪು ದಾರದ ಮೋಟನ್ನು ತೋರಿಸುತ್ತಾರೆ. "ಇದು ಮೇವು ಕಡಿಯೂ ಮುಂದ ಹೋತು ಅಂತ ಎಲ್ಲಾರಿಗೂ ಗೊತ್ತೈತಿ. ಮೇವು ಯಾರದು ಅಂತ ಯಾರೂ ಕೇಳಿಲ್ಲ."

ಕಥೆ ಐರಣಿಯದು, ಗೋಣೆಪ್ಪ ಹುಟ್ಟಿ ಬೆಳೆದ ಊರಿನದು. ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ನಸುಕಿನಲ್ಲಿ, ಪಕ್ಕದ ಮನೆಯ ಮೈಲಪ್ಪನ ಬಣವೆಯಿಂದ ಒಂದು ಹೊರೆ ಜೋಳದ ಮೇವು ಎಳೆದು ತಂದರು. ಮನೆಯ ಎತ್ತು ಎರಡು ದಿನದಿಂದ ಬರೀ ನೀರು ಕುಡಿದಿತ್ತು. ಹೊರೆ ಯಾರದೆಂದು ಬೆಳಕಿಗೆ ಗುರುತು ಸಿಗದಂತೆ ಬೇಗ ಬೇಗ ಕಡಿಯುವಾಗ ಕೊಡಲಿ ಬೆರಳಿಗೆ ಬಿತ್ತು. ಕೂಗು ಕೇಳಿ ಮೊದಲು ಓಡಿಬಂದವರು ಮೈಲಪ್ಪನೇ. ತಮ್ಮ ಬಂಡಿ ಹೂಡಿ ರಾಣೇಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದವರೂ ಅವರೇ.

ಮೈಲವ್ವ ಸೆರಗು ಬಾಯಿಗಿಟ್ಟುಕೊಂಡಿದ್ದಾರೆ.

"ಇದನ್ನ ನನ್ನ ಮುಂದ ಹೇಳಬೇಕಾಗಿರಲಿಲ್ಲ," ಎನ್ನುತ್ತಾರೆ ಪ್ರೇಮವ್ವ. "ಪಾಪನಿವೇದನಿಯೊಳಗ ಫಾದರ್ ಮುಂದ ಹೇಳಿದ್ರ ಸಾಕಿತ್ತು. ಆದ್ರ ಹೇಳೂದರಾಗ ಅರ್ಧ ಅಷ್ಟ. ತಗೊಂಡದ್ದು ತಿರುಗಿ ಕೊಡಬೇಕು. ಅದೂ ಪಾಠದಾಗ ಐತಿ."

"ಮುವ್ವತ್ತೊಂಬತ್ತು ವರ್ಷದ ಮೇವು?"

"ಒಂದು ಹೊರಿ ಅಲ್ಲೇನು? ಒಂದು ಹೊರಿ ಕೊಡು."

ಮುಂದಿನ ಗುರುವಾರ ರಾಣೇಬೆನ್ನೂರಿನಿಂದ ಐರಣಿಗೆ ಹೊರಟ ಬಸ್ಸಿನ ನೆತ್ತಿಯ ಮೇಲೆ ಒಂದು ಹೊರೆ ಜೋಳದ ಮೇವಿದೆ, ಒಳಗೆ ಪ್ರೇಮವ್ವ ಮತ್ತು ಗೋಣೆಪ್ಪ. ಇದಕ್ಕೂ ಟಿಕೆಟ್ ಆಗುತ್ತದೆ ಎಂದು ಕಂಡಕ್ಟರ್ ಹೆದರಿಸುತ್ತಾನೆ. "ಫುಲ್ ಟಿಕೀಟ ಹರೀರಿ," ಎನ್ನುತ್ತಾರೆ ಗೋಣೆಪ್ಪ. ಹೊಳೆದಂಡೆಯ ಬೇವಿನ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮೈಲಪ್ಪ ಕುಳಿತಿದ್ದಾರೆ. ಗೋಣೆಪ್ಪ ಹೊರೆಯನ್ನು ಅವರ ಕಾಲ ಬಳಿ ಇಳಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳುತ್ತಾರೆ. ಹೇಳುವಾಗ ಎಡಗೈ ಬೆನ್ನ ಹಿಂದಿದೆ.

ಮೈಲಪ್ಪ ಹೊರೆಯಿಂದ ಒಂದು ದಂಟು ಎಳೆದು ನೋಡುತ್ತಾರೆ. "ಎತ್ತು ಮಾರಿ ಟ್ರ್ಯಾಕ್ಟರ್ ತಗೊಂಡು ಹತ್ತು ವರ್ಷ ಆತಲ್ಲೋ. ಇದನ್ನ ಯಾರು ತಿನ್ನಬೇಕು, ನಾನ?"

"ತಪ್ಪಾತ್ರಿ ಕಾಕಾ."

"ಮೇವು ಕಡಿಮಿ ಆದದ್ದು ನನಗ ಗೊತ್ತ ಇಲ್ಲ. ನನಗ ನೆನಪಿರೂದು ಬಂಡಿ. ಹೊಸಾ ಬಂಡಿ, ಹಲಗಿ ತುಂಬ ರಕ್ತ ಮಾಡಿದಿ. ತೊಳಿಯೂದ್ರಾಗ ಮಧ್ಯಾಹ್ನ ಆತು. ಕೇಳೂದಾದ್ರ ಅದಕ್ಕ ಕ್ಷಮಾ ಕೇಳು."

ಗೋಣೆಪ್ಪ ಅದಕ್ಕೂ ಕ್ಷಮೆ ಕೇಳುತ್ತಾರೆ. ಮೈಲಪ್ಪ ಒಳಗೆ ಚಹಾಕ್ಕೆ ಹೇಳುತ್ತಾರೆ. ಹೊರೆ ಎದುರು ಮನೆಯ ಎಮ್ಮೆಯ ಪಾಲಾಗುತ್ತದೆ. ವಾಪಸು ಬಸ್ಸಿನಲ್ಲಿ ಪ್ರೇಮವ್ವ ಮೇಡ್ಲೇರಿಯ ಪಾಠಕ್ಕೆ ಚೀಟಿ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಗೋಣೆಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ.

ಗರಿಗಳ ಭಾನುವಾರ ಮಧ್ಯಾಹ್ನ, ಹಾವೇರಿಯ ಚರ್ಚಿನಲ್ಲಿ, ಗುರುಗಳ ಮುಂದೆ ಆರು ಮಂದಿ. ಪ್ರೇಮವ್ವ ಬಾಗಿಲ ಬಳಿ ನಿಂತಿದ್ದಾರೆ, ಚೀಲದ ಹಿಡಿಕೆ ತಿರುಚುತ್ತ. ಗೋಣೆಪ್ಪ ಬಲಗೈ ಮುಗಿಸುತ್ತಾರೆ. ಎಡಗೈ ಹೆಬ್ಬೆರಳು ಮುಗಿಸುತ್ತಾರೆ. ಮೋಟನ್ನು ಎತ್ತಿ ಹಿಡಿದು, "ಕದಿಯಬೇಡ" ಎಂದು ಎಷ್ಟು ಗಟ್ಟಿಯಾಗಿ ಹೇಳುತ್ತಾರೆಂದರೆ ತೊಲೆಯ ಮೇಲಿದ್ದ ಗುಬ್ಬಿ ಹಾರಿಹೋಗುತ್ತದೆ. ಆ ಸಡಗರದಲ್ಲಿ ಎಂಟನೆಯದು ಮರೆತುಹೋಗುತ್ತದೆ.

"ಎಂಟನೆಯದು?" ಎಂದು ಗುರುಗಳು ಕೇಳುತ್ತಾರೆ.

"ತಡೀರಿ ಫಾದರ್. ಅದರ ಬೆರಳೈತಿ. ಬರ್ತೈತಿ."

ಬರುತ್ತದೆ. ಈ ಸಲ ಗೋಣೆಪ್ಪ ಎದ್ದು ಹೋಗುವುದಿಲ್ಲ.

ಬಿಷಪ್ಪರು ಬಂದು ದೃಢೀಕರಣ ಕೊಟ್ಟು ಹೋದ ಮೇಲೆ, ಮೇ ತಿಂಗಳ ಕಡೆಯ ಭಾನುವಾರ ಕೂಸಿನ ದೀಕ್ಷಾಸ್ನಾನ. ಪಾಳಿಯಿಂದ ನೇರ ಬಂದ ಜ್ಞಾನತಂದೆಯ ಅಂಗಿಗೆ ಪೇಟೆಯ ಘಾಟು ಹಾಗೇ ಅಂಟಿದೆ. ತಲೆಗೆ ನೀರು ಬಿದ್ದಾಗ ಅಳದ ಕೂಸು ಅವರ ತೋಳಿಗೆ ಬಂದೊಡನೆ ಮೂರು ಸಲ ಸೀನುತ್ತದೆ. "ಟೀಚರ ಮೂಗು," ಎನ್ನುತ್ತಾರೆ ಮೈಲವ್ವ. ಆ ದಿನ ಅವರ ಬಾಯಲ್ಲಿ ಎಲೆಅಡಿಕೆ ಇಲ್ಲ.

ಹದಿನೇಳು ವರ್ಷದ ದುಡಿಮೆಗೆ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಪ್ರೇಮವ್ವನ ಉತ್ತರ ಇಷ್ಟೇ. "ಬ್ಯಾಡಗಿಯೊಳಗ ಒಂದ ದಿನರ ವಿಶ್ವಾಸ ಪ್ರಮಾಣ ಸೀನಲಾರದ ಮುಗಸಬೇಕು. ಮತ್ತೇನಿಲ್ರಿ."

ಚರ್ಚಿನ ಮೆಟ್ಟಿಲ ಮೇಲೆ ಗೋಣೆಪ್ಪ ಕೂಸಿನ ಮುಷ್ಟಿ ಬಿಡಿಸಿ ಒಂದೊಂದೇ ಬೆರಳು ಎಣಿಸುತ್ತಿದ್ದಾರೆ. ಹತ್ತೂ ಇವೆ. ಎಡಗೈಯ ತೋರುಬೆರಳನ್ನು ಮಾತ್ರ ಬಿಡದೆ ಹಿಡಿದುಕೊಂಡು ತಲೆ ಎತ್ತುತ್ತಾರೆ. "ಟೀಚರ, ಇಕಿ ದೊಡ್ಡಾಕಿ ಆದ ಮ್ಯಾಲ ಒಂಬತ್ತು ನೀವು ಕಲಸ್ರಿ. ಏಳನೇದು ನನಗ ಬಿಡ್ರಿ."

ಪ್ರೇಮವ್ವ ಒಪ್ಪಿ, ಚೀಲ ಹೆಗಲಿಗೇರಿಸಿ, ರಾಣೇಬೆನ್ನೂರಿನ ಬಸ್ಸಿಗೆ ಹೊರಡುತ್ತಾರೆ. "ಬಿಟ್ಟುಕೊಟ್ಟೇನಿ," ಎನ್ನುತ್ತಾರೆ ದಾರಿಯಲ್ಲಿ ಮೈಲವ್ವನಿಗೆ. "ಅದೊಂದನ್ನ ಅಂವ ನನಗಿಂತ ಚಲೋ ಕಲಸ್ತಾನ."