ದುಡ್ಡು ಕೊಟ್ಟು ತಂದ ಗೊರಗೊರ

ಮೂವತ್ತೆರಡು ವರ್ಷ ಯಾವ ಸದ್ದನ್ನು ಮೈಸೂರಿನಿಂದ ಓಡಿಸಲು ಒದ್ದಾಡಿದೆನೋ, ಅದೇ ಸದ್ದನ್ನು ಹೋದ ವಾರ ದುಡ್ಡು ಕೊಟ್ಟು ಮನೆಗೆ ತಂದೆ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು.

ಹಳೆಯ ಓದುಗರಿಗೆ ನನ್ನ ಕಸುಬು ಗೊತ್ತು. ಹೊಸಬರಿಗೆ ಒಂದು ಮಾತು. ನಾನು ಮೈಕ್‌ಸೆಟ್‌ನವನು. ಮದುವೆ, ಗಣಪತಿ, ಎಲೆಕ್ಷನ್, ತಿಥಿ (ಹೌದು, ತಿಥಿಗೂ ಮೈಕ್ ಹಾಕಿಸಿದವರಿದ್ದಾರೆ) ಎಲ್ಲಕ್ಕೂ ಸೆಟ್ ಕಟ್ಟಿದವನು. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ವೈರು ಹಿಡಿದೆ. ಕಲಿತ ವಿದ್ಯೆ ಒಂದೇ: ಸ್ಪೀಕರ್ ಗೊರಗೊರ ಅಂದರೆ ವಾಲ್ಯೂಮ್ ಇಳಿಸು.

ಆ ಗೊರಗೊರದಿಂದ ಪಟ್ಟ ಪಾಡು ಕೇಳಬೇಡಿ. ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಹೆಣ್ಣಿನ ಅಪ್ಪ ನನ್ನ ಹತ್ತಿರ ಓಡಿ ಬಂದರು. "ಏನ್ರೀ, ಪುರೋಹಿತ್ರು ಮಂತ್ರ ಹೇಳ್ತಾವ್ರೋ, ಬಾಯಿ ಮುಕ್ಕಳಿಸ್ತಾವ್ರೋ?" ಅವತ್ತು ನನಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. (ಹೋಳಿಗೆ ಇತ್ತು. ಎರಡು ತಿಂದೆ, ಅಷ್ಟೇ.)

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ರಶ್ಮಿ, ಮಗಳ ಮಗಳು, ಡಿಗ್ರಿ ಎರಡನೇ ವರ್ಷ. ಕುವೆಂಪುನಗರದ ನಮ್ಮ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ. ನನ್ನ ಹೆಂಡತಿ ಅವಳಿಗೆ ವೀಣೆ ಕಲಿಸಲು ಹೊರಟಿದ್ದಳು. ಇವಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತಳು. ಎರಡಕ್ಕೂ ತಂತಿ ಇದೆಯಲ್ಲ, ಬಿಡು ಅಂತ ನಾನೇ ರಾಜಿ ಮಾಡಿಸಿದೆ.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಹುಡುಗಿ ಇಡ್ಲಿ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಳೆ.

"ಏನಾಯ್ತವ್ವ?"

"ಶನಿವಾರ ಕಾಲೇಜ್ ಫೆಸ್ಟು ತಾತ. ನಮ್ ಬ್ಯಾಂಡ್ ಇದೆ. ಅಷ್ಟರೊಳ್ಗೆ ಡಿಸ್ಟಾರ್ಷನ್ ಪೆಡಲ್ ತರ್ದೇ ಇದ್ರೆ ಗಿಟಾರ್‌ಗೆ ಬೇರೆಯವ್ರನ್ನ ಹಾಕ್ಕೊತಾರಂತೆ. ನಾನು ಹಿಂದೆ ನಿಂತ್ಕೊಂಡು ಕೋರಸ್ ಹಾಡ್ಬೇಕಂತೆ."

"ಯಾವನವ್ವ ಹೇಳಿದ್ದು?"

"ಡ್ರಮ್ಸ್ ಬಾರಿಸ್ತಾನಲ್ಲ, ಕಾರ್ತಿಕ್. ಟ್ಯೂನ್ ನಂದು ತಾತ! ಮೂರ್ ತಿಂಗ್ಳು ಕೂತ್ಕೊಂಡು ಮಾಡಿದ್ದು. ಜಾಗ ಮಾತ್ರ ಬೇರೆಯವ್ರದ್ದಂತೆ."

ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ನೋಡಿಕೊಂಡು ಇಡ್ಲಿ ತಿನ್ನಲು ನಾನೇನು ಕಲ್ಲೇ?

"ಅದೇನದು ಡಿಸ್ಟಾರ್ಷನ್ನು?" ಕೇಳಿದೆ. ಕಾಲಲ್ಲಿ ಒತ್ತುವ ಒಂದು ಡಬ್ಬಿಯಂತೆ. ಗಿಟಾರಿನ ಸದ್ದು ಒಂದು ಕಡೆಯಿಂದ ನುಣ್ಣಗೆ ಒಳಗೆ ಹೋಗುತ್ತದಂತೆ. ಇನ್ನೊಂದು ಕಡೆಯಿಂದ ಒರಟಾಗಿ, ಹರಿದುಕೊಂಡು ಹೊರಗೆ ಬರುತ್ತದಂತೆ.

"ಅಂದ್ರೆ ಗೊರಗೊರ?"

"ಹೂಂ ತಾತ. ಆದ್ರೆ ಒಳ್ಳೇ ಗೊರಗೊರ."

ಒಳ್ಳೇ ಗೊರಗೊರ! ಈ ವಯಸ್ಸಿನಲ್ಲಿ ಇದನ್ನೂ ಕೇಳಬೇಕಾಯಿತು.

ಒಳಗಿಂದ ನನ್ನ ಹೆಂಡತಿಯ ದನಿ ಬಂತು. "ಅದಕ್ ಯಾಕೆ ದುಡ್ಡು ದಂಡ ಮಾಡ್ತೀಯ? ನಿಮ್ ತಾತಂದು ಹಳೇ ಸೆಟ್ಟು ಅಟ್ಟದ ಮೇಲದೆ, ತಗೊಂಡ್ ಹೋಗು. ಅದ್ರಲ್ಲಿ ಬೇರೆ ಸದ್ದೇ ಬರ್ತಿರ್ಲಿಲ್ಲ." (ನಲವತ್ತು ವರ್ಷದ ಸಂಸಾರ. ಇದೆಲ್ಲ ಮಾಮೂಲು.)

ಮಾರನೇ ದಿನವೇ ಹೊರಟೆವು. ರಶ್ಮಿ ಸ್ಕೂಟರ್ ಓಡಿಸಿದಳು. ಹಿಂದೆ ನಾನು, ನನ್ನ ಬೆನ್ನಿಗೆ ಗಿಟಾರ್ ಚೀಲ. ಪಂಚೆ ಉಟ್ಟವನ ಬೆನ್ನಲ್ಲಿ ಗಿಟಾರ್ ನೋಡಿ ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವನಿಗೆ ತಡೆಯಲಾಗಲಿಲ್ಲ.

"ಈಗ ಕಲೀತಿದೀರಾ ಯಜಮಾನ್ರೇ?"

"ಇಲ್ಲಪ್ಪ. ಕಲಿತಾಯ್ತು, ವಾಪಸ್ ಕೊಡಕ್ ಹೋಯ್ತಿದೀನಿ," ಅಂದೆ.

ಅಂಗಡಿ ಇರುವುದು ಅರಸು ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಮೇಲೆ ವೀಣೆ ತೂಗುಹಾಕಿದ್ದಾರೆ, ಕೆಳಗೆ ತಬಲ, ಹಾರ್ಮೋನಿಯಂ. ಮೂಲೆಯ ಗಾಜಿನ ಕಪಾಟಿನಲ್ಲಿ ಮೂರೇ ಮೂರು ಪೆಡಲು. ಒಂದು ಫಾರಿನ್‌ದು, ಹೊಚ್ಚ ಹೊಸದು. ಬೆಲೆ ಕೇಳಿದೆ. ಕಾಲಲ್ಲಿ ತುಳಿಯುವ ಸಾಮಾನಿಗೆ ಅಷ್ಟು ಬೆಲೆಯೇ! ನನ್ನ ಹವಾಯಿ ಚಪ್ಪಲಿ ನಾಚಿಕೊಂಡಿತು. ಇನ್ನೊಂದು ದೆಹಲಿ ಕಡೆ ಮಾಡಿದ್ದು, ಕೆಂಪು ಪ್ಲಾಸ್ಟಿಕ್ಕು, ಬಲು ಅಗ್ಗ. ಮೂರನೆಯದು ಸೆಕೆಂಡ್ ಹ್ಯಾಂಡ್. ಬಣ್ಣ ಹೋಗಿ ತಗಡು ಕಾಣುತ್ತಿತ್ತು.

"ಇದು ಯಾರ್ದು?" ಕೇಳಿದೆ.

"ಗೋಕುಲಂಗೆ ಯೋಗ ಕಲಿಯೋಕೆ ಬಂದಿದ್ರಲ್ಲ, ಒಬ್ರು ಫಾರಿನ್‌ನವ್ರು," ಅಂದರು ಅಂಗಡಿಯವರು. "ಮನಸ್ಸಿಗೆ ಶಾಂತಿ ಸಿಕ್ತಂತೆ. ಇನ್ನು ಇದು ಬೇಡ ಅಂತ ಮಾರ್ಬಿಟ್ಟು ಹೋದ್ರು."

ರಶ್ಮಿ ಸ್ಟೂಲಿನ ಮೇಲೆ ಕೂತು ಗಿಟಾರಿಗೆ ಮೊದಲು ಫಾರಿನ್ ಡಬ್ಬಿ ಸಿಕ್ಕಿಸಿದಳು. ಬಾರಿಸಿದಳು. ಆಹಾ! ಗಂಟೆ ಹೊಡೆದ ಹಾಗೆ ಸದ್ದು.

"ಇದೇ ಇರ್ಲಿ ಕಣವ್ವ," ಅಂದೆ. "ಎಷ್ಟು ಕ್ಲೀನಾಗಿದೆ! ಒಂದ್ ಚೂರೂ ಗೊರ ಇಲ್ಲ."

"ತಾತ," ಅಂದಳು ರಶ್ಮಿ, "ಅದಿನ್ನೂ ಆನೇ ಮಾಡಿಲ್ಲ."

ಆಮೇಲೆ ಆನ್ ಮಾಡಿದಳು ನೋಡಿ. ಗೊರ್ರ್ರ್! ಮೇಲೆ ತೂಗುಹಾಕಿದ್ದ ವೀಣೆಯ ತಂತಿಗಳೂ ನಡುಗಿದವು. ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ತಾನಾಗೇ ಹೋಗಿ ಸ್ಪೀಕರಿನ ವಾಲ್ಯೂಮ್ ಇಳಿಸಿಬಿಟ್ಟಿತು.

"ತಾತ! ಕೈ ತೆಗಿ!"

ಎರಡು ಸಲ ಹೀಗಾಯಿತು. ಮೂರನೇ ಸಲ ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು ಕೂತೆ. ಆಗ ಒಂದು ವಿಚಾರ ಹೊಳೆಯಿತು. ಕೆಟ್ಟ ಸದ್ದಿನ ವಿಷಯದಲ್ಲಿ ಮೈಸೂರಿನಲ್ಲಿ ನನಗಿಂತ ಓದಿಕೊಂಡವರು ಯಾರಿದ್ದಾರೆ? ಸ್ಪೀಕರಿನ ಕಾಗದ ಹರಿದರೆ ಒಂದು ಥರ ಗೊರ. ವೈರು ಲೂಸಾದರೆ ಕರಕರ. ತಾಕತ್ತು ಮೀರಿ ಏರಿಸಿದ ಒಳ್ಳೇ ಸೆಟ್ಟಿನದು ಇನ್ನೊಂದು ಥರ, ಅದರಲ್ಲಿ ಒಂದು ಗತ್ತು ಇರುತ್ತದೆ, ಸಿಟ್ಟು ಬಂದ ದೊಡ್ಡ ಮನುಷ್ಯನ ಹಾಗೆ. ರಶ್ಮಿಗೆ ಬೇಕಾದದ್ದು ಆ ಸಿಟ್ಟು. ಅದನ್ನು ಗುರುತು ಹಿಡಿಯುವುದಕ್ಕೆ ಡಿಗ್ರಿ ಯಾಕೆ?

ಕೆಂಪು ಡಬ್ಬಿ ಹಾಕಿಸಿದೆ. ಡಬ್ಬಿಯೊಳಗೆ ಸೊಳ್ಳೆ ಸಿಕ್ಕಿಕೊಂಡ ಸದ್ದು. "ಎರಡು ತಂತಿ ಒಟ್ಟಿಗೆ ಹೊಡಿಯವ್ವ," ಅಂದೆ. ಎರಡೂ ಸೇರಿ ಅಂಬಲಿಯಾಯಿತು.

ಸೆಕೆಂಡ್ ಹ್ಯಾಂಡ್ ಡಬ್ಬಿ ಹಾಕಿಸಿದೆ. ಗರ್ಜಿಸಿತು! ಎರಡು ತಂತಿ ಹೊಡೆದರೆ ಎರಡೂ ಬೇರೆ ಬೇರೆ ಕೇಳುತ್ತವೆ. ಗಿಟಾರನ್ನು ಮೆಲ್ಲಗೆ ಮುಟ್ಟಿದರೆ ಅದೂ ಮೆತ್ತಗಾಗುತ್ತದೆ. ಬಾರಿಸದೆ ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತದೆ. ಫಾರಿನ್ ಹೊಸದಕ್ಕೂ ಇದಕ್ಕೂ ನನ್ನ ಕಿವಿಗೆ ಬೆಲೆಯೊಂದು ಬಿಟ್ಟು ಬೇರೆ ವ್ಯತ್ಯಾಸ ಸಿಗಲಿಲ್ಲ.

ಆದರೂ ಬಿಡಲಿಲ್ಲ. ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ ಕರಕರ ಬರುತ್ತದೋ ನೋಡಿದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸ್ವಿಚ್ಚನ್ನು ಇಪ್ಪತ್ತು ಸಲ ತುಳಿದೆ. ತಳ ಬಿಚ್ಚಿದೆ. ಒಳಗೆ ಚೌಕದ ಒಂಬತ್ತು ವೋಲ್ಟ್ ಬ್ಯಾಟರಿ. ಗಿಟಾರಿನ ಪಿನ್ ಚುಚ್ಚಿದರೆ ಸಾಕು, ಬಾರಿಸಲಿ ಬಿಡಲಿ, ಬ್ಯಾಟರಿ ಖರ್ಚಾಗಲು ಶುರು. "ಬಾರ್ಸಿ ಆದ್ಮೇಲೆ ಪಿನ್ ಎಳ್ದಿಡವ್ವ," ಅಂತ ರಶ್ಮಿಗೆ ಹೇಳಿಕೊಟ್ಟೆ. (ಕೊಳ್ಳುವವರು ಯಾರಾದರೂ ಇದ್ದರೆ ನೀವೂ ಬರೆದಿಟ್ಟುಕೊಳ್ಳಿ.)

"ಏನ್ ಯಜಮಾನ್ರೇ, ಸಂತೇಲಿ ಎತ್ತು ನೋಡ್ದಂಗ್ ನೋಡ್ತಿದೀರಲ್ಲ!" ಅಂದರು ಅಂಗಡಿಯವರು.

"ಹಲ್ಲು ಎಣ್ಸಿಲ್ವಲ್ಲ, ಸಂತೋಷಪಡಿ," ಅಂದೆ.

ಹೀಗೆ ಗೋಕುಲಂನಲ್ಲಿ ಯಾರಿಗೋ ಶಾಂತಿ ಸಿಕ್ಕಿ, ನಮ್ಮ ಮನೆಗೆ ಗೊರಗೊರ ಬಂತು. ಆ ವಾರವಿಡೀ ಪ್ರಾಕ್ಟೀಸು. ಪಕ್ಕದ ಮನೆಯವರು ಎರಡು ಸಲ ಬಂದು, "ಮಿಕ್ಸಿ ಕೆಟ್ಟೋಗಿದ್ಯಾ?" ಅಂತ ವಿಚಾರಿಸಿಕೊಂಡು ಹೋದರು.

ಶನಿವಾರ ಬಂತು. ಸಂಜೆ ನಾಲ್ಕು ಗಂಟೆಗೆ ಕಾಲೇಜಿನ ಬಯಲಲ್ಲಿ ಸ್ಟೇಜು. ನಾನೂ ನನ್ನ ಹೆಂಡತಿಯೂ ಮುಂದಿನ ಸಾಲಿನಲ್ಲೇ ಕೂತೆವು. ಅಭ್ಯಾಸಬಲ, ನನ್ನ ಕಣ್ಣು ಮೊದಲು ಹೋದದ್ದು ಮೈಕ್‌ಸೆಟ್ ಕಡೆಗೆ. ನೋಡಿದರೆ ನಮ್ಮ ಮಾದೇವ! ನನ್ನ ಹತ್ತಿರ ಹನ್ನೆರಡು ವರ್ಷ ಕೆಲಸ ಕಲಿತವನು. ಈಗ ಅವನದೇ ಸ್ವಂತ ಸೆಟ್ಟು, ಟೇಬಲ್ ತುಂಬ ತಿರುಪುಗಳ ಮಿಕ್ಸರು. ಓಡಿ ಬಂದು ಕಾಲಿಗೆ ಬಿದ್ದ.

"ಮೊಮ್ಮಗಳು ಗಿಟಾರ್ ಬಾರಿಸ್ತಾಳೆ ಕಣೋ. ಸದ್ದು ಸರ್ಯಾಗ್ ನೋಡ್ಕೊ," ಅಂದೆ.

"ನೀವ್ ಹೇಳ್ಬೇಕಾ ಯಜಮಾನ್ರೇ? ಒಂದ್ ಚೂರು ಗೊರ ಅನ್ನಕ್ ಬುಡಲ್ಲ!"

ಭೇಷ್ ಅಂತ ಬೆನ್ನು ತಟ್ಟಿದೆ. ನೋಡಿ, ಅಷ್ಟು ಸ್ಪಷ್ಟವಾಗಿ ಹೇಳಿದ್ದಾನೆ. ನನಗೆ ಹೊಳೆಯಬೇಕೋ ಬೇಡವೋ? ಖುಷಿ ಹೆಚ್ಚಾದಾಗ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗಿರುತ್ತದೆ?

ಹಾಡು ಶುರುವಾಯಿತು. ರಶ್ಮಿ ನುಣ್ಣಗೆ ಬಾರಿಸುತ್ತಾ ಬಂದಳು. ಅವಳ ಟ್ಯೂನಿನ ಜಾಗ ಬಂತು. ಕಾಲೆತ್ತಿ ಪೆಡಲ್ ಒತ್ತಿದಳು. ಗೊರ್ರ್! ನನ್ನ ಮೈ ಜುಮ್ಮೆಂದಿತು.

ಒಂದೇ ಕ್ಷಣ. ಆಮೇಲೆ ಏನೂ ಇಲ್ಲ. ಡ್ರಮ್ಸ್ ಕೇಳುತ್ತಿದೆ, ಹಾಡುವವನ ದನಿ ಕೇಳುತ್ತಿದೆ. ಗಿಟಾರ್ ಮಾತ್ರ ಇಲ್ಲ.

ಅವಳು ಬಗ್ಗಿ ನೋಡಿದಳು. ಮತ್ತೆ ಒತ್ತಿದಳು. ನುಣ್ಣನೆ ಸದ್ದು ಬರಬೇಕಾದಾಗ ಅದೂ ಇಲ್ಲ. ಮೂರನೇ ಸಲ ಒತ್ತಿ ಆನ್ ಮಾಡಿಟ್ಟಳು, ಆಗಲೂ ಇಲ್ಲ. ಹಿಂದಿನಿಂದ ಕಾರ್ತಿಕ್ ದುರುಗುಟ್ಟಿಕೊಂಡು ನೋಡುತ್ತಿದ್ದಾನೆ. ಸ್ಟೇಜಿನ ಪಕ್ಕದಲ್ಲಿ ಇನ್ನೊಬ್ಬ ಗಿಟಾರ್ ಹಾಕಿಕೊಂಡು ತಯಾರಾಗೇ ನಿಂತಿದ್ದಾನೆ. ರಶ್ಮಿ ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಆರಿಸಿದ ಡಬ್ಬಿ. ಇಪ್ಪತ್ತು ಸಲ ತುಳಿದು, ಇದೇ ಇರಲಿ ಅಂದ ಡಬ್ಬಿ!

ಬ್ಯಾಟರಿ ಹೋಯಿತೇ? ಪೆಡಲಿನ ಮೇಲೆ ಕೆಂಪು ದೀಪ ಉರಿಯುತ್ತಿದೆ. ಪಿನ್ನು? ನೆಟ್ಟಗಿದೆ. ಪೆಡಲಿನಿಂದ ಹೊರಟ ವೈರಿನ ಹಿಂದೆಯೇ ನನ್ನ ಕಣ್ಣು ಹೋಯಿತು. ಸ್ಟೇಜು ಇಳಿದು, ಹುಲ್ಲಿನ ಮೇಲೆ ಹಾದು, ನೇರ ಮಾದೇವನ ಮಿಕ್ಸರಿಗೆ. ಅಲ್ಲಿ ಮಾದೇವ ಒಂದು ತಿರುಪನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲೆ ಬೆರಳಿಟ್ಟುಕೊಂಡು, ಊರು ಕಾಯುವ ಪೊಲೀಸಿನ ಹಾಗೆ ಕೂತಿದ್ದಾನೆ!

ಪಂಚೆ ಎತ್ತಿ ಕಟ್ಟಿ ಓಡಿದೆ.

"ಲೇ ಮಾದೇವ! ಏರ್ಸೋ ಅದನ್ನ!"

"ಗೊರಗೊರ ಅಂತದೆ ಯಜಮಾನ್ರೇ! ಸ್ಪೀಕರ್ ಹೋಯ್ತದೆ!"

"ಅದು ಹಂಗೇ ಅನ್ಬೇಕು ಕಣೋ!"

ಮಾದೇವ ನನ್ನ ಮುಖ ನೋಡಿದ. ಪಾಪ ಯಜಮಾನರಿಗೆ ವಯಸ್ಸಾಯಿತು ಅನ್ನುವ ನೋಟ. "ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಗೊರ ಅಂದ್ರೆ ಇಳ್ಸು, ಆಮೇಲ್ ಯೋಚ್ನೆ ಮಾಡು ಅಂತ? ತಲೆ ಮೇಲೆ ಮೊಟಕಿ ಮೊಟಕಿ ಹೇಳ್ಕೊಟ್ರಿ!"

"ಹೇಳ್ಕೊಟ್ಟೆ ಕಣಪ್ಪ, ತಪ್ಪಾಯ್ತು! ಬೇಕಾದ್ರೆ ನೀನೂ ನನ್ ತಲೆ ಮೊಟಕು. ಮೊದ್ಲು ಏರ್ಸು!"

"ಸ್ಪೀಕರ್ ಹರ್ದೋದ್ರೆ?"

"ನಾನ್ ಹಾಕ್ಸಿಕೊಡ್ತೀನಿ!"

ಕಣ್ಣು ಮುಚ್ಚಿಕೊಂಡು ಏರಿಸಿದ. ದೇವರಾಣೆ, ಕಣ್ಣು ಮುಚ್ಚಿಕೊಂಡೇ.

ಆಗ ಬಂತು ನೋಡಿ! ಇಡೀ ಬಯಲು ನಡುಗಿತು. ಸ್ಟೇಜಿನ ಮುಂದೆ ಮಲಗಿದ್ದ ನಾಯಿ ಎದ್ದು ಹೋಯಿತು. ರಶ್ಮಿ ಒಮ್ಮೆ ಬೆಚ್ಚಿ, ಆಮೇಲೆ ನಕ್ಕು, ಮುಂದಕ್ಕೆ ಎರಡು ಹೆಜ್ಜೆ ಬಂದು ನಿಂತಳು. ನಡು ಮಧ್ಯಕ್ಕೆ! ಮೂರು ತಿಂಗಳು ಅವಳ ರೂಮಿನ ಬಾಗಿಲ ಸಂದಿಯಲ್ಲಿ ಕೇಳಿದ್ದ ಟ್ಯೂನು ಈಗ ಎರಡು ದೊಡ್ಡ ಸ್ಪೀಕರಿನಲ್ಲಿ ಬರುತ್ತಿದೆ. ಪಕ್ಕದಲ್ಲಿ ಗಿಟಾರ್ ಹಾಕಿಕೊಂಡು ತಯಾರಾಗಿದ್ದವನು ಮೆಲ್ಲಗೆ ಅದನ್ನು ಬಿಚ್ಚಿ ಕೆಳಗಿಟ್ಟ. ನಾನು ಕುಣಿದೆನಂತೆ. ನನಗೆ ನೆನಪಿಲ್ಲ. ನನ್ನ ಹೆಂಡತಿ ಮನೆ ಮನೆಗೂ ಹೇಳಿಕೊಂಡು ಬರುತ್ತಿದ್ದಾಳೆ.

ಪ್ರೈಜು ಬರಲಿಲ್ಲ. ಕ್ಯಾಸೆಟ್ ಹಾಕಿಕೊಂಡು ಗುಂಪಿನಲ್ಲಿ ಕುಣಿದವರಿಗೆ ಹೋಯಿತು. ನಮ್ಮವರಿಗೆ ತೀರ್ಪುಗಾರರು ಹೇಳಿದ್ದು ಒಂದೇ ಮಾತು, "ಸದ್ದು ಜಾಸ್ತಿಯಾಯಿತು." ಮೈಕ್‌ಸೆಟ್‌ನವನ ಮೊಮ್ಮಗಳಿಗೆ ಇದಕ್ಕಿಂತ ದೊಡ್ಡ ಬಿರುದು ಉಂಟೇ? ಇಳಿದು ಬರುವಾಗ ಕಾರ್ತಿಕ್ ಪೆಡಲನ್ನು ತಿರುಗಿಸಿ ನೋಡಿ, "ಎಲ್ ಸಿಕ್ತು ಇದು?" ಅಂದ.

"ನಮ್ ತಾತ ಆರ್ಸಿದ್ದು," ಅಂದಳು ರಶ್ಮಿ. "ಮುಂದಿನ್ ಸಲ ನಾನೆಲ್ಲಿ ನಿಂತ್ಕೊಬೇಕು ಅಂದೆ? ಹಿಂದೇನಾ?"

"ಅಯ್ಯೋ, ಎಲ್ ಬೇಕೋ ಅಲ್ ನಿಂತ್ಕೊಳಮ್ಮ."

ರಶ್ಮಿಯ ಸ್ಕೂಟರಿನ ಹಿಂದೆ ಕೂತು ವಾಪಸ್ ಬರುವಾಗ ನನಗೆ ಅವಳ ಅಮ್ಮನ ನೆನಪಾಯಿತು. ನನ್ನ ಮಗಳು ಚಿಕ್ಕವಳಿದ್ದಾಗ ಬಚ್ಚಲಲ್ಲಿ ಗಟ್ಟಿಯಾಗಿ ಹಾಡುತ್ತಿದ್ದಳು. ನಾನು ಹೊರಗಿನಿಂದ ಬಾಗಿಲು ಬಡಿದು "ಮೆಲ್ಲಗೆ" ಅನ್ನುತ್ತಿದ್ದೆ. ಅವಳ ದನಿಯಲ್ಲಿ ಯಾವ ಗೊರವೂ ಇರಲಿಲ್ಲ. ಇಳಿಸಿ ಅಭ್ಯಾಸವಾದ ಕೈ, ಇಳಿಸಿದೆ. ಅವಳು ಈಗಲೂ ಮೆಲ್ಲಗೇ ಹಾಡುತ್ತಾಳೆ. ಮಾದೇವನ ತಲೆಯನ್ನಾದರೂ ಮೊಟಕಿ ಕಲಿಸಿದ್ದೆ, ಮಗಳಿಗೆ ಅದೂ ಬೇಕಾಗಲಿಲ್ಲ. ಮುಂದಿನ ವಾರ ಅವಳು ಬಂದಾಗ ಆ ಪೆಡಲಿಗೆ ಒಂದು ಮೈಕ್ ಸಿಕ್ಕಿಸಿ ಕೊಡಬೇಕು ಅಂತಿದ್ದೇನೆ. (ಹೆಂಡತಿಗೆ ಹೇಳಿಲ್ಲ. ನೀವೂ ಹೇಳಬೇಡಿ.)

ಸೋಮವಾರ ಬೆಳಿಗ್ಗೆ ಫೋನ್ ಬಂತು. ಮಾದೇವ. ಹಿಂದೆ ವಾಲಗದ ಸದ್ದು.

"ಯಜಮಾನ್ರೇ, ಕಲ್ಯಾಣ ಮಂಟಪದಲ್ಲಿವ್ನಿ. ಪುರೋಹಿತ್ರ ಮೈಕು ಗೊರಗೊರ ಅಂತದೆ. ಏರುಸ್ಲಾ, ಇಳುಸ್ಲಾ?"

"ಮೊದ್ಲು ಅವ್ರನ್ನ ಕೇಳೋ," ಅಂದೆ, "ಬೇಕೂಂತ್ಲೇ ಮಾಡ್ತಿದ್ದಾರಾ ಅಂತ."