ಉಂಡ ಮೇಲೆ ಒಂದು ಗುಳಿಗೆ

೧೯೭೯ರಲ್ಲಿ ನಾನು ಹಳಿಯಾಳ ತಾಲೂಕಿನ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಕಾಗದದ ಪೊಟ್ಟಣ ಕಟ್ಟುವುದು, ಬಾಟಲಿಗೆ ಔಷಧ ಸುರಿಯುವುದು, ಒಂದೇ ಮಾತನ್ನು ದಿನಕ್ಕೆ ನೂರು ಸಲ ಹೇಳುವುದು. ಹನ್ನೊಂದು ವರ್ಷ ಇದನ್ನೇ ಮಾಡಿ ಜೀವ ಬೇಸತ್ತಿತ್ತು. ಯಾರಾದರೂ ಎರಡನೇ ಸಲ ಕೇಳಿದರೆ ಸಿಡುಕುತ್ತಿದ್ದೆ.

ಆ ಬೇಸಿಗೆಯಲ್ಲಿ ಮಲ್ಲಪ್ಪ ಬಂದ. ಟಪಾಲು ಚೀಲ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆಯುವ ರನ್ನರ್. ದಿನಕ್ಕೆ ಹದಿನಾಲ್ಕು ಮೈಲಿ. ವಯಸ್ಸು ಮೂವತ್ತನಾಲ್ಕು. ಎರಡಾಳಿನಷ್ಟು ಉಂಡರೂ ತೂಕ ನಲವತ್ತೊಂದು ಕಿಲೋಗೆ ಇಳಿದಿತ್ತು. ಕೈ ನಡುಗುತ್ತಿತ್ತು, ನಾಡಿ ನಿಮಿಷಕ್ಕೆ ನೂರಾ ಇಪ್ಪತ್ತೆಂಟು. ನಮ್ಮ ಡಾಕ್ಟರಬಾಯಿ ಮಂಗಳೂರು ಕಡೆಯವರು, ಚುರುಕಿನ ಹೆಂಗಸು; ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಕೊರಳು ಮುಟ್ಟಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಅಲ್ಲಿ ಖಾತ್ರಿಯಾಯಿತು. ಈ ಗ್ರಂಥಿ ಮೈಯ ವೇಗವನ್ನು ಹಿಡಿತದಲ್ಲಿಡುವಂಥದು. ಅದು ಕೆಟ್ಟರೆ ಕೂತಲ್ಲೇ ಓಡಿದಷ್ಟು ದಣಿವು.

ಅದನ್ನು ತಗ್ಗಿಸುವ ಕಾರ್ಬಿಮಝೋಲ್ ಗುಳಿಗೆ, ಎಂಟೆಂಟು ತಾಸಿಗೆ ಒಂದು ಎಂದು ಬಾಯಾರು ಚೀಟಿ ಬರೆದರು. ನಾನು ಪೊಟ್ಟಣ ಕಟ್ಟಿ, ಎಲ್ಲರಿಗೂ ಹೇಳುವಂತೆ ಹೇಳಿದೆ: "ಉಂಡ ಮ್ಯಾಲೆ ಒಂದು. ಮೂರು ಹೊತ್ತು."

ಮಲ್ಲಪ್ಪನ ರಜೆ ಸೆಪ್ಟೆಂಬರ್ ಕೊನೆಯವರೆಗೆ ಇತ್ತು. ಅಷ್ಟರಲ್ಲಿ ಫಿಟ್ನೆಸ್ ಸರ್ಟಿಫಿಕೇಟ್ ತರದಿದ್ದರೆ ಬದಲಿಗೆ ನಡೆಯುತ್ತಿದ್ದವನಿಗೇ ಆ ಕೆಲಸ ಕಾಯಂ ಎಂದು ಮೇಲಿನವರು ಹೇಳಿದ್ದರು. ಮನೆಯಲ್ಲಿ ಐದು ಜನ ಉಣ್ಣುವವರು, ದುಡಿಯುವವನು ಇವನೊಬ್ಬ. ಜುಲೈ ಹೊತ್ತಿಗೆ ನಾಡಿ ತೊಂಬತ್ತೆರಡಕ್ಕೆ ಇಳಿಯಿತು, ತೂಕ ಆರು ಕಿಲೋ ಏರಿತು. ಬಾಯಾರು ಸ್ವಲ್ಪ ಸ್ವಲ್ಪ ನಡೆಯಲು ಹೇಳಿದರು.

ಶ್ರಾವಣ ಮುಗಿದ ಮೇಲೆ ಬಂದವನನ್ನು ನೋಡಿ ನನಗೆ ಕೆಡುಕೆನಿಸಿತು. ಮತ್ತೆ ಅದೇ ನಡುಕ, ನಾಡಿ ನೂರಾ ಇಪ್ಪತ್ತು. ಚೀಲದಲ್ಲಿ ಐವತ್ತಾರು ಗುಳಿಗೆ ಉಳಿದಿದ್ದವು. ಬಾಯಾರು ಎಣಿಸಿ ಕೆಂಡವಾದರು. "ಮಾತ್ರೆ ತಗೊಳ್ಳದೆ ಸರ್ಟಿಫಿಕೇಟ್ ಕೇಳಲಿಕ್ಕೆ ಬರ್ತೀಯಾ? ಔಷಧಿ ತಪ್ಪಿಸಿದ್ದಾನೆ, ಕೆಲಸಕ್ಕೆ ಯೋಗ್ಯನಲ್ಲ ಅಂತಲೇ ಬರೀತೇನೆ." ಅವನು ತಲೆ ತಗ್ಗಿಸಿ ಚೀಲ ಎತ್ತಿಕೊಂಡ.

ಹೊರಗೆ ಬಂದವನು ನನ್ನ ಕಿಟಕಿಗೆ ಮುಖ ತಂದ. "ಸಾಹೇಬ್ರ, ನಾ ಒಂದ ದಿನಾನೂ ತಪ್ಪಿಸಿಲ್ರೀ. ಜಡ್ಡು ವಾಸಿ ಆಗ್ಲಿ ಅಂತ ಶ್ರಾವಣ ಪೂರ್ತಿ ಒಪ್ಪತ್ತು ಹಿಡಿದಿದ್ದೆ. ಸಂಜೀಕ ಪೂಜಿ ಮುಗಿಸಿ ಉಣತಿದ್ದೆ. ಉಂಡ ಮ್ಯಾಲೆ ಒಂದು ಅಂದಿದ್ರಲ್ಲ, ಒಂದ ತಗೊಂಡೇನಿ."

ಆ ಗುಳಿಗೆಗೆ ಊಟದ ಹಂಗೇ ಇರಲಿಲ್ಲ. ಬೇಕಾಗಿದ್ದದ್ದು ಎಂಟು ತಾಸಿನ ಅಂತರ. ಚೀಟಿಯಲ್ಲಿದ್ದದ್ದೂ ಅದೇ. ಊಟವನ್ನು ಸೇರಿಸಿದವನು ನಾನು, ಬಾಯಿಪಾಠದ ಮೇಲೆ. ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಹಿಂದೆ ಮೂವತ್ತು ಜನ ಸರದಿಯಲ್ಲಿದ್ದರು. ಸುಮ್ಮನಿರಬೇಕೆಂದು ಅನಿಸಿದ್ದೂ ಹೌದು, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಅವನ ಹೆಂಡತಿ ಶಾಂತವ್ವ ಗೋಡೆಗೆ ಒರಗಿ ಕೂತಿದ್ದಳು. "ಏನಂದ್ರು, ಸೈ ಮಾಡಿದ್ರೇನು?" ಎಂದು ಗಂಡನನ್ನು ಕೇಳಿದಳು. ನಾನು ಕಿಟಕಿ ಮುಚ್ಚಿ ಒಳಗೆ ಹೋದೆ.

"ಬಾಯಾರ, ತಪ್ಪು ಅವನದಲ್ಲ, ನಂದು" ಎಂದು ನಡೆದದ್ದನ್ನು ಹೇಳಿದೆ.

ಬೈಯುತ್ತಾರೆಂದುಕೊಂಡಿದ್ದೆ. ಅವರು "ನಾನೂ ಅವನನ್ನು ಒಂದು ಮಾತು ಕೇಳಲಿಲ್ಲ ನೋಡಿ" ಎಂದರು. ಬರೆದಿದ್ದ ಕಾಗದ ಹರಿದು ಬೇರೆ ಬರೆದರು: ದವಾಖಾನೆಯ ತಪ್ಪಿನಿಂದ ಚಿಕಿತ್ಸೆ ತಡವಾಗಿದೆ, ಮೂರು ತಿಂಗಳು ರಜೆ ಮುಂದುವರಿಸಬೇಕು. ಅದರ ಕೆಳಗೆ ನಾನೂ ಸಹಿ ಹಾಕಿದೆ. ನನಗೆ ಮೇಲಿನಿಂದ ಒಂದು ಮೆಮೊ ಬಂತು. ಮಲ್ಲಪ್ಪನಿಗೆ ರಜೆ ಸಿಕ್ಕಿತು.

ಮತ್ತೆ ಮೊದಲಿನಿಂದ ಶುರು. ಗಡಿಯಾರ ಅವನ ಮನೆಯಲ್ಲಿರಲಿಲ್ಲ. ಹೊತ್ತು ಮೂಡಿದಾಗ, ನಡು ಮಧ್ಯಾಹ್ನ ಕಳೆದಾಗ, ಮಲಗುವಾಗ ಎಂದು ಹೇಳಿಕೊಟ್ಟೆ. ನವೆಂಬರಿನಲ್ಲಿ ಕೆರೆಯ ಏರಿಯ ತನಕ ಬರಿಗೈಯಲ್ಲಿ ನಡೆದ. ಆಮೇಲೆ ಐದು ಕಿಲೋ ಜೋಳದ ಚೀಲ ಹೊತ್ತು, ಆಮೇಲೆ ಹತ್ತು. ಪ್ರತಿ ವಾರ ನಾಡಿ ಎಣಿಸುವ ಕೆಲಸ ನನ್ನದು. ಡಿಸೆಂಬರ್ ಕೊನೆಗೆ ನಾಡಿ ಎಪ್ಪತ್ತೆಂಟು, ತೂಕ ಐವತ್ತೆರಡು. ಬಾಯಾರು ಸರ್ಟಿಫಿಕೇಟ್ ಕೊಟ್ಟರು. ಶಾಂತವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಬರ್ತೇವ್ರೀ" ಎಂದಷ್ಟೇ ಹೇಳಿ ಹೋದಳು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಮೆಮೊ ಬಂದ ದಿನದಿಂದ ನಾನು ಪೊಟ್ಟಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳತೊಡಗಿದ್ದೆ: ದಿನಕ್ಕೆ ಎಷ್ಟು ಸಲ ಉಣ್ಣುತ್ತೀರಿ? ಮೊದಲ ದಿನ ಕಿಟಕಿಗೆ ಬಂದವಳು ಕಾಡಿನಲ್ಲಿ ಬಿದಿರು ಕಡಿಯುವ ಹೆಂಗಸು.

"ಸಂಜೀಕ ಒಂದ ಸಲರೀ" ಎಂದಳು.

"ನಿಮ್ಮದೂ ಒಪ್ಪತ್ತೇನು?"

"ಒಪ್ಪತ್ತು ಏನಿಲ್ರೀ. ನಾವು ಉಣ್ಣೂದ ಹಂಗ."

ಹಿಂದಿನ ಹನ್ನೊಂದು ವರ್ಷ ಆ ಕಿಟಕಿಯಿಂದ "ಉಂಡ ಮ್ಯಾಲೆ ಒಂದು, ಮೂರು ಹೊತ್ತು" ಎಂದು ನಾನು ಎಷ್ಟು ಜನರಿಗೆ ಹೇಳಿದ್ದೆನೋ, ಅವರಲ್ಲಿ ಎಷ್ಟು ಜನ ಮರುಮಾತಾಡದೆ ಹೋಗಿದ್ದರೋ, ಲೆಕ್ಕವಿಲ್ಲ. ಔಷಧ ಕೊಡುವವನು ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ಇಷ್ಟು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು.