ಹಿಮದ ಊರಿಗೆ ಎಳ್ಳು ಬೆಲ್ಲ

ಮನೆ ನೋಡುವವರು ನೀರು ಬರುತ್ತದೆಯೇ, ಬಸ್ಸು ಹತ್ತಿರವೇ, ವಾಸ್ತು ಸರಿಯಿದೆಯೇ ಎಂದು ಕೇಳುತ್ತಾರೆ. ನಮ್ಮ ಯಜಮಾನರು ಕೇಳಿದ್ದು ಒಂದೇ: ಚಳಿಗಾಲದಲ್ಲಿ ಹಿಮ ಎಷ್ಟು ಬೀಳುತ್ತದೆ?

ಅದೂ ಬೆಂಗಳೂರಿನ ಜಯನಗರದ ನಮ್ಮ ಮನೆಯ ವರಾಂಡದಲ್ಲಿ ಕೂತು, ಹಿಮಾಚಲದ ಯಾವುದೋ ಮನೆಯ ಮಾಲೀಕನಿಗೆ ಫೋನು ಮಾಡಿ. ನಿವೃತ್ತಿಯಾದ ಮೇಲೆ ಹಿಮ ಬೀಳುವ ಊರಿನಲ್ಲಿ ನೆಲೆಸಬೇಕು ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದರು. ಹೊಸತರಲ್ಲಿ ಗಂಡಸರು ಏನೇನೋ ಹೇಳುತ್ತಾರೆ, ಇದೂ ಅಂಥದ್ದೇ ಎಂದು ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ. ಆಫೀಸಿನವರು ಹಾಕಿ ಕಳಿಸಿದ ಹಾರ ಬಾಡುವ ಮೊದಲೇ ಬೆಟ್ಟದ ಊರುಗಳನ್ನು ಒಂದೊಂದಾಗಿ ಫೋನಿನಲ್ಲಿ ನೋಡಿ ತಳ್ಳಿಹಾಕತೊಡಗಿದರು. ಒಂದೂರಿನಲ್ಲಿ ಹಿಮ ಬೀಳುತ್ತದೆ, ನಿಲ್ಲುವುದಿಲ್ಲ. ಇನ್ನೊಂದರಲ್ಲಿ ನಿಲ್ಲುತ್ತದೆ, ಆದರೆ ಪಾದವೂ ಮುಳುಗುವುದಿಲ್ಲ.

"ಇದೆಂಥ ಹಿಮ ಕಣೇ, ಇದಕ್ಕಿಂತ ನಮ್ಮ ಫ್ರಿಜ್ಜೇ ವಾಸಿ" ಎನ್ನುತ್ತಿದ್ದರು.

"ಶ್ರೀನಗರಾನೇ ಬೇಕು ಅಂದ್ರೆ ನಮ್ಮ ಬೆಂಗಳೂರಲ್ಲೇ ಒಂದಿದೆ, ಹನುಮಂತನಗರದ ಪಕ್ಕದಲ್ಲಿ. ಆಟೋದಲ್ಲಿ ಹೋಗ್ಬನ್ನಿ" ಎಂದು ರೇಗಿಸಿದೆ. ಅವರು ನಗದೆ ಇನ್ನೊಂದು ಊರು ಹುಡುಕತೊಡಗಿದರು. ಇದು ತಮಾಷೆಯಲ್ಲ ಎಂದು ಆಗ ನನಗೆ ಭಯವಾಯಿತು.

ಯಾಕೆಂದರೆ ಎರಡೆರಡು ಮನೆ ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಅಲ್ಲಿ ಕೊಳ್ಳಬೇಕಾದರೆ ಇಲ್ಲಿಯದನ್ನು ಮಾರಬೇಕು. ಬ್ರೋಕರ್ ಒಬ್ಬ ಆಗಲೇ ಬಂದು ಕಾಫಿ ಕುಡಿದು ಗೋಡೆಗಳನ್ನು ಬೆರಳಲ್ಲಿ ತಟ್ಟಿ ನೋಡಿ ಹೋಗಿದ್ದ. "ಸಾರ್, ಪಾರ್ಟಿ ರೆಡಿ ಇದೆ. ಸಂಕ್ರಾಂತಿ ಕಳೀಲಿ, ನೀವು ಹೂಂ ಅನ್ನಿ ಸಾಕು" ಎಂದಿದ್ದ. ನಾನೇ ಬಿಸಿಲಲ್ಲಿ ನಿಂತು ಗೋಡೆಗೆ ನೀರು ಹೊಡೆದು ಕಟ್ಟಿಸಿದ ಮನೆ ಅದು. ಅದನ್ನು ಯಾವನೋ ತಟ್ಟಿ ನೋಡುತ್ತಿದ್ದರೆ ನನ್ನ ಬೆನ್ನಿಗೇ ಗುದ್ದಿದ ಹಾಗಾಯಿತು. ಆದರೆ ಅವರ ಮುಖ ನೋಡಿ ಬೇಡ ಎನ್ನಲೂ ಬಾಯಿ ಬರಲಿಲ್ಲ. ಜೀವಮಾನವಿಡೀ ಮನೆಗಾಗಿ ದುಡಿದವರು ತಮಗೆಂದು ಕೇಳಿದ್ದು ಇದೊಂದನ್ನೇ.

"ಮೊದಲು ಬಾಡಿಗೆಗೆ ಇದ್ದು ನೋಡೋಣ. ಈ ಸಲದ ಹಬ್ಬಾನೂ ಅಲ್ಲೇ ಮಾಡೋಣ. ಆಮೇಲೂ ಅಲ್ಲೇ ಇರ್ತೀನಿ ಅಂದ್ರೆ ನಾನು ಕಮಕ್ ಕಿಮಕ್ ಅನ್ನಲ್ಲ" ಎಂದು ಮಾತು ಕೊಟ್ಟೆ.

ಹಿಮಾಚಲದ ಆ ಮಾಲೀಕ ಒಳ್ಳೆಯ ಮನುಷ್ಯ. ಚಳಿಗಾಲಕ್ಕೆ ಕೆಳಗಿನ ಪೇಟೆಯಲ್ಲಿರುವ ಮನೆ ತಗೊಳ್ಳಿ ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದ. ಅಲ್ಲಿ ಹಿಮ ಕಡಿಮೆ ಎಂದು ಗೊತ್ತಾದ ಕೂಡಲೇ ಇವರು ಬೆಟ್ಟದ ಮೇಲಿನ ಹಳ್ಳಿಯ ಮನೆಯೇ ಆಗಬೇಕೆಂದು ಪಟ್ಟು ಹಿಡಿದರು.

ಹೊರಟಿದ್ದು ಅವರೆಕಾಯಿ ಕಾಲದಲ್ಲಿ. ಜಯನಗರ ಫೋರ್ತ್ ಬ್ಲಾಕ್ ಮಾರ್ಕೆಟ್ ತುಂಬ ಅವರೆಯ ಸೊಗಡಿನ ಘಮ. ಆ ಘಮ ಬಿಟ್ಟು ಬೆಂಗಳೂರಿನಿಂದ ಹೊರಗೆ ಕಾಲಿಡುವವರುಂಟೇ! ದಾರಿಯುದ್ದಕ್ಕೂ ಗೊಣಗಿದೆ. ಇವರು ಮಾತ್ರ ಮಂಕಿ ಕ್ಯಾಪ್ ಹಾಕಿಕೊಂಡು ಹುರುಪಿನಲ್ಲಿದ್ದರು. ಹಬ್ಬಕ್ಕೆ ಕೊಬ್ಬರಿ, ಬೆಲ್ಲ ಹೆಚ್ಚುವುದು ಪ್ರತಿವರ್ಷವೂ ಅವರದೇ ಕೆಲಸ. ಅಡಕತ್ತರಿ ಹಿಡಿದು ಕೂತರೆ ಒಂದು ಚೂರು ದೊಡ್ಡದಾಗಬಾರದು, ಒಂದು ಚಿಕ್ಕದಾಗಬಾರದು. ಈ ಸಲ ಹೊರಡುವ ಮುಂಚೆಯೇ ಎಲ್ಲ ಹೆಚ್ಚಿ, ಒಣಗಿಸಿ, ಎಳ್ಳು, ಕಡಲೆಬೀಜ, ಹುರಿಗಡಲೆ ಬೆರೆಸಿ ಪೊಟ್ಟಣ ಕಟ್ಟಿದ್ದರು. "ಹೊಸ ಊರು. ಎಳ್ಳು ಬೀರೋ ನೆಪದಲ್ಲಿ ನಾಲ್ಕು ಮನೆಯವರ ಪರಿಚಯ ಆಗತ್ತೆ" ಎಂದು ಅವರ ಲೆಕ್ಕಾಚಾರ.

ನಾವು ಹೋದ ದಿನ ಆ ಹಳ್ಳಿಯ ಕೆಲವು ಮನೆಗಳಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಮರುದಿನ ಮೋಡ ಕವಿಯಿತು. ಜನ ಜೀಪುಗಳಿಗೆ ಗಂಟುಮೂಟೆ ಏರಿಸಿ ಕೆಳಗೆ ಹೊರಟರು.

"ಎಲ್ಲೋ ಮದುವೆ ಇರ್ಬೇಕು" ಎಂದರು ಇವರು.

"ಮದುವೆಗೆ ಹಾಸಿಗೆ, ಕೋಳಿ ಎಲ್ಲ ಕಟ್ಕೊಂಡು ಹೋಗ್ತಾರೇನ್ರೀ?"

"ಅವರ ಪದ್ಧತಿ ನಿನಗೇನೇ ಗೊತ್ತು, ಸುಮ್ನಿರು."

ಆ ಸಂಜೆ ಹಿಮ ಬಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಬೆರಗಾಗಿ ಬಾಗಿಲಲ್ಲೇ ನಿಂತುಬಿಟ್ಟೆ. ಸದ್ದೇ ಇಲ್ಲದೆ ಇಳಿದು ಬಂದು ಛಾವಣಿ, ಬೇಲಿ, ಮರ ಎಲ್ಲವನ್ನೂ ಮುಚ್ಚಿತು. ಇವರು ಅಂಗಳಕ್ಕೆ ಓಡಿ ಅಂಗೈ ಚಾಚಿ ನಿಂತರು. ಕನ್ನಡಕದ ಮೇಲೆಲ್ಲ ಹಿಮ. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಸರಿ, ಜಯನಗರದ ಮನೆ ಹೋಯ್ತು ಎಂದುಕೊಂಡೆ. ಅವರಿಗಾಗಿ ಖುಷಿಯೂ ಆಯಿತು, ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡೆ.

ಹಬ್ಬದ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ತೊಟ್ಟು ನೀರಿಲ್ಲ, ಪೈಪಿನಲ್ಲೇ ಹೆಪ್ಪುಗಟ್ಟಿತ್ತು. ಅಂಗಳದ ಹಿಮವನ್ನೇ ಪಾತ್ರೆಗೆ ತುಂಬಿ ಕಾಯಿಸಿ ಸ್ನಾನ ಮುಗಿಸಿದೆವು. ಹುಗ್ಗಿ ಮಾಡಿ ದೇವರ ಮುಂದಿಟ್ಟೆ. ಪ್ರತಿವರ್ಷ ಎಳ್ಳು ಬೀರುವುದು ನನ್ನ ಕೆಲಸ. ಆದರೆ ಮಂಡಿ ನೋವಿಟ್ಟುಕೊಂಡು ಆ ಹಿಮದಲ್ಲಿ ಹೇಗೆ ಕಾಲಿಡಲಿ? ಇವರೇ ಪೊಟ್ಟಣಗಳ ಚೀಲ ಹಿಡಿದು ಹೊರಟರು. ಕಿಟಕಿಯಿಂದ ನೋಡುತ್ತಿದ್ದೆ. ಮೊಣಕಾಲವರೆಗೆ ಹೂತುಕೊಂಡು, ಕಾಲು ಕಿತ್ತುಕೊಂಡು ಒಂದು ಬಾಗಿಲಿಗೆ ಹೋದರು. ತಟ್ಟಿದರು, ಕಾದರು. ಪಕ್ಕದ ಮನೆಗೆ ಹೋದರು. ಅಲ್ಲೂ ತಟ್ಟಿದರು. ಆಮೇಲೆ ತಿರುವಿನಲ್ಲಿ ಮರೆಯಾದರು.

ವಾಪಸು ಬಂದಾಗ ಚೀಲ ಒಯ್ದ ಹಾಗೇ ಇತ್ತು. "ಯಾವ ಮನೇಲೂ ಒಬ್ರೂ ಇಲ್ಲ ಕಣೇ" ಎಂದರು.

ಮಾಲೀಕನಿಗೆ ಫೋನು ಮಾಡಿದರು. ಅವನ ದನಿ ನನಗೂ ಕೇಳಿಸುತ್ತಿತ್ತು. ಎಲ್ಲರೂ ಕೆಳಗಿನ ಪೇಟೆಗೆ ಬಂದಿದ್ದೇವೆ ಸಾಬ್, ಪ್ರತಿವರ್ಷವೂ ಹೀಗೇ, ಹಿಮ ಬಿದ್ದ ಮೇಲೆ ಅಲ್ಲಿ ಯಾರಿರುತ್ತಾರೆ ಎಂದು ಅವನೇ ಆಶ್ಚರ್ಯದಿಂದ ಕೇಳಿದ.

ಇವರು ಫೋನು ಕೆಳಗಿಟ್ಟು ಒಂದು ಪೊಟ್ಟಣ ಬಿಚ್ಚಿ ಕೊಬ್ಬರಿ ಚೂರುಗಳನ್ನು ನೋಡುತ್ತ ಕೂತರು.

"ಇಲ್ಲೇ ಹುಟ್ಟಿದೋರು ಹಿಮ ಬಿದ್ರೆ ಊರು ಬಿಡ್ತಾರೆ. ನಾನು ಹಿಮ ಬೀಳತ್ತೆ ಅಂತ್ಲೇ ಊರು ಆರಿಸಿದ್ದೀನಿ. ಎಳ್ಳು ಬೀರೋಕೆ ಒಂದು ಮನೆ ಇಲ್ವಲ್ಲೇ."

ನಾನು ಹೇಳಲಿಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಚಿಟಿಕೆ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಅದರ ಜೊತೆಗೇ ನುಂಗಿದೆ.

"ರಥಸಪ್ತಮಿವರೆಗೂ ಎಳ್ಳು ಬೀರಬಹುದಲ್ವಾ?" ಎಂದು ಕೇಳಿದರು.

"ಬೀರಬಹುದು."

"ಹಿಮ ತೆಗೆದು ರಸ್ತೆ ಬಿಟ್ಟ ತಕ್ಷಣ ನಡಿ, ಮನೆಗೆ ಹೋಗೋಣ."

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಮನಸಾರೆ ಅತ್ತೆ.

ಜಯನಗರದ ಗೇಟು ತೆಗೆಯುತ್ತಿದ್ದಂತೆ ಎದುರು ಮನೆಯಾಕೆ ಬಾಗಿಲಿಂದಲೇ, "ಏನ್ರೀ, ಇಷ್ಟು ಬೇಗ ವಾಪಸ್? ಹಿಮ ಕರಗೋಯ್ತಾ?" ಎಂದಳು. ಸಂಜೆ ಇಬ್ಬರೂ ಚೀಲ ಹಿಡಿದು ಹೊರಟೆವು. ಯಾವ ಮನೆಗೆ ಹೋದರೂ ಕರೆಗಂಟೆ ಒತ್ತಿದ ಕೂಡಲೇ ಬಾಗಿಲು ತೆರೆಯುತ್ತಿತ್ತು. ಪ್ರತಿ ಸಲವೂ ಇವರ ಮುಖ ಅರಳುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ವಾಪಸು ಬಂದರೆ ಗೇಟಿನಲ್ಲಿ ಬ್ರೋಕರ್ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಸಾರ್, ಹಬ್ಬ ಆಯ್ತಲ್ಲ. ಪಾರ್ಟಿಗೆ ಏನ್ ಹೇಳ್ಲಿ?"

ಚೀಲದಲ್ಲಿ ಕೊನೆಯ ಪೊಟ್ಟಣ ಉಳಿದಿತ್ತು. ಇವರು ಅದನ್ನು ಅವನ ಕೈಗಿಟ್ಟು, "ತಗೊಳ್ಳಪ್ಪ, ನಾನೇ ಹೆಚ್ಚಿದ್ದು. ಮುಂದಿನ ವರ್ಷಾನೂ ಇದೇ ಮನೆಗೆ ಬಾ, ಕೊಡ್ತೀನಿ" ಎಂದು ಗೇಟು ಹಾಕಿ ಒಳಗೆ ಬಂದರು.